ಹಾಡಿಲ್ಲದ ವರ್ಷ

ಹೆಂಡತಿಯ ದನಿಯನ್ನು ಅವನು ಕೈಯಾರೆ ಅಳಿಸಿದ್ದ. ಅವಳು ಟ್ರ್ಯಾಕ್ ಹಾಡುವವಳು. ದೊಡ್ಡ ಗಾಯಕಿ ಬಂದು ಕೇಳಿ ಕಲಿಯಲಿ ಎಂದು ಹಾಡನ್ನು ಮೊದಲೇ ಹಾಡಿಡುವುದು ಅವಳ ಕೆಲಸ. ಒಮ್ಮೆ ಅದು ಎಷ್ಟು ಚೆನ್ನಾಗಿ ಬಂತೆಂದರೆ, ಇದನ್ನೇ ಇಟ್ಟುಕೊಳ್ಳೋಣ ಅಂದುಬಿಟ್ಟರು ಸಂಗೀತ ನಿರ್ದೇಶಕರು. ಗಾಯಕಿ ನಕ್ಕಳು. "ನನ್ನ ನೆರಳಿಗೂ ಮೈಕ್ ಕೊಡ್ತೀರಾ?" ಎಂದವಳು ರೆಕಾರ್ಡಿಸ್ಟ್ ಆಗಿದ್ದ ಅವನ ಕಡೆ ತಿರುಗಿ, ಅಳಿಸಿಬಿಡಿ ಅಂದಳು. ಅಳಿಸಿದ. ಅವತ್ತಿನಿಂದ ಹೆಂಡತಿ ಅಡುಗೆಮನೆಯಲ್ಲೂ ಗುನುಗಲಿಲ್ಲ.

ಈಗ ಗಾಯಕಿ ತೀರಿಕೊಂಡಿದ್ದಳು. ಆಕೆಯ ಹಳೆಯ ಹಾಡುಗಳಿಂದ ದನಿಯನ್ನಷ್ಟೇ ಬಿಡಿಸಿಕೊಂಡು, ಹೊಸ ವಾದ್ಯಗಳನ್ನು ಕೂಡಿಸಿ ಆಲ್ಬಂ ಮಾಡುವ ಕೆಲಸ ಅವನ ಪಾಲಿಗೆ ಬಂತು. ಜೊತೆಗೆ ಹಳೆಯ ಟೇಪುಗಳ ಕಪಾಟಿನ ಬೀಗದ ಕೈ. ಅದನ್ನು ಜೇಬಿಗೆ ಹಾಕಿಕೊಳ್ಳುವಾಗಲೇ ಯೋಚನೆ ಹುಟ್ಟಿತು. ಆ ಹಾಡುಗಳ ನಡುವೆ, ಯಾರೂ ಕೇಳದ, ಈಗಷ್ಟೇ ಸಿಕ್ಕಿತೆಂದು ಹೇಳಿ ಸೇರಿಸುವ ಒಂದು ಹಾಡು. ಅದನ್ನು ಹೆಂಡತಿ ಗಾಯಕಿಯ ದನಿಯಲ್ಲೇ ಹಾಡಬೇಕು. ಜನ ಕೇಳಿ ಕಣ್ಣೀರಿಡಬೇಕು. ಮನೆಯಲ್ಲಿ ತಾವಿಬ್ಬರೇ ಕೂತು ನಗಬೇಕು.

"ಸಿಕ್ಕಿಬಿದ್ರೆ?" ಎಂದಳು ಅವಳು.

"ನಿನ್ನ ದನಿ ಯಾವುದು ಅಂತ ಗೊತ್ತಿರೋನು ನಾನೊಬ್ಬನೇ."

ಹಳೆಯ ಟೇಪೊಂದರ ಖಾಲಿ ಉಳಿದಿದ್ದ ತುದಿಯಲ್ಲೇ ಅವಳ ದನಿ ಹಿಡಿದ. ಟೇಪಿನ ಸರಬರ ಸದ್ದು ತಾನಾಗಿ ಕೂಡಿಕೊಂಡಿತು. ಅನುಮಾನ ಬರಬಹುದಾದ ಕಡೆಯೆಲ್ಲ ವಯಲಿನ್ ತುಂಬಿದ. ವರ್ಷವನ್ನಂತೂ ಅಳೆದು ತೂಗಿ ಆರಿಸಿದ. ಅವನು ಸ್ಟುಡಿಯೋ ಸೇರುವ ಎಷ್ಟೋ ಮೊದಲು, ಗಾಯಕಿಯ ಒಂದೇ ಒಂದು ಹಾಡೂ ಹೊರಬರದ ಒಂದು ವರ್ಷವಿತ್ತು. ಹೋಲಿಸಿ ನೋಡಲು ಯಾರ ಬಳಿಯೂ ಏನೂ ಇಲ್ಲ. ಆಗ ನುಡಿಸುತ್ತಿದ್ದವರೂ ಉಳಿದಿಲ್ಲ.

ಆದರೂ ನೆಮ್ಮದಿಯಿರಲಿಲ್ಲ. ವಯಲಿನ್‌ನವನು ಹೆಡ್‌ಫೋನ್ ತೆಗೆದು ಅವನ ಮುಖವನ್ನೇ ಯಾಕೆ ನೋಡಿದ? ಆಲ್ಬಂ ಕಂಪನಿಯ ಮ್ಯಾನೇಜರು ಮೂಲ ಟೇಪು ಯಾಕೆ ಕೇಳಿದ? ಟೇಪು ಕೊಟ್ಟ. ಪರೀಕ್ಷೆ ಮಾಡಿಸಿದವರೇ, ಆ ಕಾಲದ್ದೇ ಎಂದು ತಿರುಗಿ ತಂದುಕೊಟ್ಟರು. ಒಳಗೊಳಗೇ ಹಿಗ್ಗಿದ.

ಕೊನೆಗೆ ಉಳಿದವಳು ಗಾಯಕಿಯ ತಂಗಿ. ಆಕೆ ಒಪ್ಪಿದರೆ ಆಲ್ಬಂ ಹೊರಬರುತ್ತದೆ. ಸ್ಟುಡಿಯೋದಲ್ಲಿ ಮ್ಯಾನೇಜರು, ಪತ್ರಿಕೆಯವರಿಬ್ಬರು, ಹಿಂದಿನ ಕುರ್ಚಿಯಲ್ಲಿ ಅವನ ಹೆಂಡತಿ. ಹಾಡು ಶುರುವಾಯಿತು. ತಂಗಿ ಕಣ್ಣು ಮುಚ್ಚಿದಳು. ಅಳಲಿಲ್ಲ; ಅದು ಅವನಿಗೆ ಹಿಡಿಸಲಿಲ್ಲ. ಮುಗಿದ ಮೇಲೆ, ಇದು ಯಾವ ವರ್ಷದ್ದು ಎಂದು ಕೇಳಿದಳು. ಹೇಳಿದ. ಖಂಡಿತವೇ ಎಂದು ಮತ್ತೆ ಕೇಳಿದಳು. ಅನುಮಾನವೇ ಬೇಡ, ಟೇಪನ್ನು ನಾನೇ ಪರೀಕ್ಷೆ ಮಾಡಿಸಿದ್ದೇನೆ ಎಂದು ಮ್ಯಾನೇಜರೂ ದನಿಗೂಡಿಸಿದ.

ತಂಗಿ ಸೆರಗಿನಿಂದ ಕನ್ನಡಕ ಒರೆಸಿಕೊಂಡಳು. "ತುಂಬಾ ಚೆನ್ನಾಗಿದೆ. ಆದ್ರೆ ಆ ವರ್ಷ ಅಕ್ಕನಿಗೆ ಗಂಟಲ ಆಪರೇಷನ್ ಆಗಿತ್ತು. ಗೊತ್ತಾದ್ರೆ ಮತ್ತೆ ಯಾರೂ ಹಾಡೋಕೆ ಕರೆಯಲ್ಲ ಅಂತ ಮನೆಯವರೆಲ್ಲ ಮುಚ್ಚಿಟ್ವಿ. ವರ್ಷಪೂರ್ತಿ ದನಿ ಹೊರಡ್ತಿರಲಿಲ್ಲ, ನನ್ನನ್ನ ಕರೆಯೋಕೂ ಚಪ್ಪಾಳೆ ತಟ್ತಿದ್ಲು," ಎಂದು ಮೆಲ್ಲಗೆ ಅವನ ಕಡೆ ತಿರುಗಿದಳು. "ಇದನ್ನ ಹಾಡಿದ್ದು ಯಾರು?"