ಅರ್ಧಕ್ಕೆ ನಿಂತ ಅಪ್‌ಡೇಟ್

"ಆರು ವರ್ಷದ ನಕ್ಷೆ ಅದರಲ್ಲಿದೆ ರೀ! ನಾಳೆ ಮಧ್ಯಾಹ್ನ ಕಳಿಸ್ಬೇಕು. ಒಪ್ಪಿಗೆಯಾದ್ರೆ ಮೂರು ವರ್ಷ ದೂರದ ಊರಲ್ಲಿ ಕೆಲಸ. ಈಗ ಕಂಪ್ಯೂಟರ್ ಉಸಿರೇ ಎತ್ತುತ್ತಿಲ್ಲ."

ಮೂರನೇ ಮಹಡಿಯ ನಕ್ಷೆಗಾರ್ತಿ ನಮ್ಮ ಹೊಸ್ತಿಲಲ್ಲೇ ಕುಸಿದು ಕೂತರು. ಟೆಲಿಫೋನ್ ಎಕ್ಸ್‌ಚೇಂಜಿನಿಂದ ನಿವೃತ್ತರಾದ ನನ್ನ ಅತ್ತಿಗೆಯೇ ನಮ್ಮ ಕಟ್ಟಡಕ್ಕೆಲ್ಲ ಪತ್ತೇದಾರರು. ಅವರು ಚಪ್ಪಲಿ ಮೆಟ್ಟಿದರು. ಮೈದುನನಾದ ನಾನು ಹಿಂಬಾಲಿಸಿದೆ.

ಮೇಲೆ ನಕ್ಷೆಗಾರ್ತಿಯ ಗಂಡ ರಿಪೇರಿಯವನ ಮೇಲೆ ಹರಿಹಾಯುತ್ತಿದ್ದರು. "ಚೆನ್ನಾಗಿದ್ದದ್ದನ್ನ ಕೆಡಿಸಿಟ್ಟ!"

"ಬಯೋಸ್ ಅಪ್‌ಡೇಟ್ ಮಾಡು ಅಂತ ಕರೆಸಿದ್ದೇ ನೀವು ಸಾರ್," ಎಂದ ರಿಪೇರಿಯವನು. "ಅದು ಮದರ್‌ಬೋರ್ಡಿನ ಜೀವ, ನಡುವೆ ಕರೆಂಟ್ ಹೋದ್ರೆ ಬೋರ್ಡೇ ಸತ್ತಂಗೆ ಅಂದೆ. ಯುಪಿಎಸ್ ಕೇಳಿದೆ. ನಮ್ಮಲ್ಲಿ ಕರೆಂಟ್ ಹೋಗೋದೇ ಇಲ್ಲ ಅಂದ್ರಿ."

"ಇವತ್ತು ಎರಡು ನಿಮಿಷ ಹೋಯ್ತು. ನಾನೇನು ಮಾಡ್ಲಿ?" ಎಂದರು ಗಂಡ.

ಅಪ್‌ಡೇಟ್ ಅರ್ಧಕ್ಕೆ ಬಂದಾಗ ಅವರೇ ಕರೆದು ಕೊಟ್ಟ ಕಾಫಿಯನ್ನು ರಿಪೇರಿಯವನು ಅಡುಗೆಮನೆಯಲ್ಲಿ ಕುಡಿಯುತ್ತಿದ್ದ. ನಕ್ಷೆಗಾರ್ತಿ ತಾರಸಿಯಲ್ಲಿ ಬಟ್ಟೆ ತೆಗೆಯುತ್ತಿದ್ದರು. ಹಾಡುಹಗಲು, ಮನೆಯಲ್ಲಿ ದೀಪವೂ ಉರಿಯುತ್ತಿರಲಿಲ್ಲ; ಕರೆಂಟ್ ಹೋದದ್ದನ್ನು ಅವರಿಬ್ಬರೂ ಕಂಡಿರಲಿಲ್ಲ.

"ಡಿಸ್ಕನ್ನ ಬೇರೆ ಕಂಪ್ಯೂಟರಿಗೆ ಹಾಕಬಹುದಲ್ಲ?" ಎಂದರು ಅತ್ತಿಗೆ.

"ಹಾಕಬಹುದು. ಆದ್ರೆ ಡಿಸ್ಕಿಗೆ ಬೀಗ ಇದೆ. ಅದನ್ನ ತೆಗೀತಿದ್ದದ್ದು ಈ ಬೋರ್ಡು. ಈಗ ನಲವತ್ತೆಂಟು ಅಂಕಿಯ ಕೀ ಬೇಕು."

"ಸೂಜಿದಾರದ ಡಬ್ಬಿ ತಳದಲ್ಲಿ ಬರೆದಿಟ್ಟಿದ್ದೆ," ಎಂದರು ನಕ್ಷೆಗಾರ್ತಿ. "ನೋಡಿದ್ರೆ ಚೀಟಿನೇ ಇಲ್ಲ."

ಅತ್ತಿಗೆ ಅಡುಗೆಮನೆಗೆ ಹೋಗಿ ನೀರು ಕುಡಿದು ಬಂದರು. ಎಲ್ಲರನ್ನೂ ಮೇಜಿನ ಸುತ್ತ ಕೂರಿಸಿದರು.

"ಮೈಕ್ರೋವೇವ್ ಗಡಿಯಾರಾನ ಇವತ್ತು ಯಾರಾದ್ರೂ ಸರಿಮಾಡಿದ್ರಾ?"

ಮೂವರೂ ಇಲ್ಲವೆಂದರು.

"ಕರೆಂಟ್ ಹೋಗಿ ಬಂದ್ರೆ ಅದು ಸೊನ್ನೆ ತೋರಿಸ್ಬೇಕು. ನಮ್ಮನೇದೂ ಅಂಥದ್ದೇ. ಇಲ್ಲಿ ಸರಿಯಾದ ಟೈಮ್ ಇದೆ. ಅಂದ್ರೆ ಕರೆಂಟ್ ಹೋಗಿಲ್ಲ. ಯಾರೋ ಪ್ಲಗ್ ಕಿತ್ತು ಮತ್ತೆ ಸಿಕ್ಕಿಸಿದ್ದಾರೆ. ಈ ಹುಡುಗನಿಗೆ ಸೂಜಿದಾರದ ಡಬ್ಬಿ ಎಲ್ಲಿದೆ ಅಂತ ಗೊತ್ತಾ? ಇಲ್ಲ. ಅಪ್‌ಡೇಟ್ ಮಾಡಿಸಿದ್ದು, ಯುಪಿಎಸ್ ಬೇಡ ಅಂದದ್ದು, ಕಾಫಿಗೆ ಅಂತ ಇವನನ್ನ ಎಬ್ಬಿಸಿದ್ದು, ಹೋಗದ ಕರೆಂಟನ್ನ ಹೋಯ್ತು ಅಂದದ್ದು..." ಅತ್ತಿಗೆ ಗಂಡನತ್ತ ತಿರುಗಿದರು. "ಚೀಟಿ ಕೊಡಿ."

ಅವರು ಜೇಬಿನಿಂದ ಚೀಟಿ ತೆಗೆದು ಮೇಜಿನ ಮೇಲಿಟ್ಟರು. "ಹರಿಯೋಕೆ ಕೈ ಬರಲಿಲ್ಲ. ಮೂರು ವರ್ಷ ಒಬ್ಬನೇ ಹೇಗಿರ್ಲಿ ಅಂತ..."

ನಕ್ಷೆಗಾರ್ತಿ ಅಳಲಿಲ್ಲ. ಚೀಟಿಯನ್ನು ರಿಪೇರಿಯವನ ಕೈಗಿಟ್ಟು, ಗಂಡನನ್ನೇ ನೋಡಿದರು.

"ಹೋಗ್ಬೇಡ ಅಂತ ಒಂದು ಮಾತು ಅಂದಿದ್ರೆ ಹೋಗ್ತಿರಲಿಲ್ಲ ರೀ. ಈಗ ಹೋಗ್ತೀನಿ."