ಹುಲಿಯ ಕಡೆಯವರು ಹೇಳಬೇಕಾದ ಮಾತು

“ಗೆಲುವು ಹುಲಿಯ ಕಡೆಗೆ.”

ತೀರ್ಪುಗಾರ ಅಷ್ಟು ಹೇಳಿ ಸೀಟಿಯನ್ನು ಜೇಬಿಗೆ ಹಾಕಿಕೊಂಡ. ಸುಧಾಮಣಿ ಹುಲಿ-ಕುರಿ ಮಣೆಯ ಮುಂದಿನಿಂದ ಏಳಲಿಲ್ಲ.

“ಸರಿಯಾಗಿ ನೋಡಿ ಸಾರ್. ಯಾವ ಹುಲಿಗೆ ಎತ್ತಿಡಾಕೆ ಜಾಗ ಐತೆ? ಸುತ್ತ ನನ್ನ ಕುರಿಗಳೇ ಅಲ್ವಾ?”

“ಹುಲಿ ಕಟ್ಟಿದ್ದರೆ ಸೀಟಿಗೆ ಮುಂಚೆ ಕೈಯೆತ್ತಿ ಹೇಳಬೇಕಿತ್ತು. ನೀವು ಹೇಳಲಿಲ್ಲ. ಹಾಗಾಗಿ ಹುಲಿ ತಿಂದ ಕುರಿಗಳೇ ಲೆಕ್ಕಕ್ಕೆ ಬಂದವು.”

ಅವಳು ಅವನನ್ನೇ ದಿಟ್ಟಿಸಿದಳು. ಅವನೇ ಮೊದಲು ಕಣ್ಣು ತಗ್ಗಿಸಿದ. ಅದು ಅವಳನ್ನು ಇನ್ನಷ್ಟು ಉರಿಸಿತು.

ಚಂದಕವಾಡಿಯಲ್ಲಿ ಕುರಿ ಆಡುವವರು ಗೆದ್ದೆ ಎಂದು ಹೇಳಿಕೊಳ್ಳುವುದಿಲ್ಲ. ಅದು ಮರ್ಯಾದೆಯಲ್ಲ. ದಾರಿ ಇಲ್ಲದಾದಾಗ ಹುಲಿಯ ಕಡೆಯವರೇ ತಮ್ಮ ಬಾಯಿಂದ “ಕಟ್ಟಾಯ್ತು” ಅನ್ನಬೇಕು. ಸುಧಾಮಣಿ ಆ ಮಾತಿಗಾಗಿ ಕೈಕಟ್ಟಿ ಕಾದಿದ್ದಳು. ಗುಂಡ್ಲುಪೇಟೆ ಕಡೆಯ ಎದುರಾಳಿ ತುಟಿ ಬಿಚ್ಚಲಿಲ್ಲ...

ಸೋತದ್ದು ಬರೀ ಆಟವಾಗಿದ್ದರೆ ಅವಳು ಮರೆಯುತ್ತಿದ್ದಳೇನೋ. ಆದರೆ ಅಪ್ಪ ಬೆಟ್ಟಯ್ಯನ ಜೊತೆ ಮಾತಾಗಿತ್ತು. ಗೆದ್ದರೆ ಮದುವೆಯ ವಿಷಯದಲ್ಲಿ ಅವಳ ಮಾತು, ಸೋತರೆ ಅಪ್ಪನ ಮಾತು.

“ಹುಲಿ ಕಟ್ಟಿತ್ತು ಕಣಪ್ಪ,” ಎಂದಳು ಮನೆಗೆ ಬಂದು.

“ಸೋತೋರೆಲ್ಲ ಹಂಗೇ ಅನ್ನದು ಕಣಮ್ಮಿ.”

ಅಪ್ಪ ನೋಡಿಟ್ಟಿದ್ದ ಪುಣಜನೂರಿನ ಗಂಡಿನ ಮನೆಗೆ ಒಪ್ಪಿಗೆಯ ಮಾತು ಹೋಯಿತು. ಅವನ ಮುಖ ಕಂಡರೆ ಅವಳಿಗೆ ಏನೂ ಅನ್ನಿಸುತ್ತಿರಲಿಲ್ಲ. ಅದೇ ಅವಳ ಭಯ. ಮನೆಯ ಗೋಡೆಗಳೆಲ್ಲ ಒಂದೊಂದು ಗೇಣು ಒಳಕ್ಕೆ ಸರಿದಂತಿತ್ತು.

ಅಷ್ಟರಲ್ಲಿ ಆ ತೀರ್ಪುಗಾರ ಮನೆಬಾಗಿಲಿಗೇ ಬಂದ. ಹೆಸರು ಶಶಿಕುಮಾರ, ಗುಂಡ್ಲುಪೇಟೆಯ ಶಾಲೆಯೊಂದರ ಆಟದ ಮೇಷ್ಟ್ರು. ಈ ಕಡೆಯವರ ಆಟದ ರೀತಿಯನ್ನು ಅವಳ ಅಜ್ಜಿ ಪುಟ್ಟಮಲ್ಲಮ್ಮನಿಂದ ಕಲಿಯಬೇಕಂತೆ.

“ಇವಾಗ ಕಲೀತೀರಾ?” ಎಂದಳು ಸುಧಾಮಣಿ, ಕಾಫಿ ಲೋಟವನ್ನು ಕುಕ್ಕಿ.

“ಮುಂಚೆ ಕಲೀಬೇಕಿತ್ತು,” ಎಂದ ಅವನು.

ಆಮೇಲೂ ವಾರವಾರ ಬಂದ. ಅಜ್ಜಿಯ ಎದುರು ಸೋತ. ಸೋತಾಗ ಅಜ್ಜಿಗಿಂತ ಜೋರಾಗಿ ನಕ್ಕ. ಅವನು ಬರುವ ದಿನ ಸುಧಾಮಣಿ ಬಸ್ಸಿನ ಸದ್ದಿಗೆ ಕಿವಿ ಕೊಡತೊಡಗಿದಳು. ತನ್ನ ಕೊರಳಿಗೆ ಹಗ್ಗ ಬಿಗಿದವನ ನಗುವಿಗೆ ಕಾಯುತ್ತಿದ್ದೇನಾ... ಅವಳಿಗೆ ನಾಚಿಕೆಯಾಗುತ್ತಿತ್ತು.

ಒಂದು ದಿನ ಅವನು ಮೆಲ್ಲಗೆ, “ಮದುವೆ ನಿಶ್ಚಯ ಆಯ್ತಂತೆ. ಒಳ್ಳೇದಾಗಲಿ,” ಎಂದ.

‘ಇಷ್ಟೇನಾ?’ ಅವಳು ಒಳಗೆ ಹೋಗಿ ಕದ ಹಾಕಿಕೊಂಡಳು.

ಅಜ್ಜಿಗೆ ತಡೆಯಲಾಗಲಿಲ್ಲ. “ನೀನು ಅವತ್ತು ಮಾಡ್ಬುಟ್ಟ ಕೆಲ್ಸಕ್ಕೇ ಈ ಮದ್ವೆ ಕಣಪ್ಪ,” ಎಂದು ಪಂದ್ಯದ ಮಾತನ್ನೆಲ್ಲ ಹೇಳಿಬಿಟ್ಟಳು. ಶಶಿಕುಮಾರ ಕಾಫಿ ಕುಡಿಯದೆ ಎದ್ದು ಹೋದ.

ವೀಳ್ಯ ಬದಲಾಯಿಸುವ ಶಾಸ್ತ್ರದ ಹಿಂದಿನ ದಿನ ಮಧ್ಯಾಹ್ನ ಅವನು ಬೆಟ್ಟಯ್ಯನ ಮುಂದೆ ನಿಂತಿದ್ದ.

“ನನ್ನ ತೀರ್ಪು ತಪ್ಪು. ಹುಲಿ ಕಟ್ಟಿದ್ದು ನನ್ನ ಕಣ್ಣಿಗೆ ಬಿದ್ದಿತ್ತು. ಆಡೋರು ಹೇಳದೆ ನಾನು ಬಾಯಿ ಬಿಡಬಾರದು ಅಂತ ಸುಮ್ಮನಿದ್ದೆ. ಅವತ್ತು ಗೆದ್ದದ್ದು ನಿಮ್ಮ ಮಗಳು.”

ಬೆಟ್ಟಯ್ಯ ಎಲೆಗೆ ಸುಣ್ಣ ಸವರುವುದನ್ನು ನಿಲ್ಲಿಸಿದ. “ನಾಳೆ ವೀಳ್ಯ. ಇವತ್ತು ಗೆಪ್ತಿ ಬಂತಾ ಮೇಷ್ಟ್ರೇ? ನನ್ನ ಮಗಳ ಮ್ಯಾಲೆ ಆಸೆ ಮಡಿಕಂಡು ಈ ಮಾತಾಡ್ತಾ ಇದ್ದೀರಾ?”

ಕದದ ಹಿಂದೆ ನಿಂತಿದ್ದ ಸುಧಾಮಣಿ ಚಿಲಕ ಹಿಡಿದಳು. ಹೌದು ಅಂದರೆ ಅವನ ತೀರ್ಪನ್ನು ಯಾರು ನಂಬುತ್ತಾರೆ? ಇಲ್ಲ ಅಂದರೆ...

“ಆಸೆ ಇದೆ,” ಎಂದ ಶಶಿಕುಮಾರ. “ಅದಕ್ಕೇ ನನ್ನ ಮಾತು ನಂಬಬೇಡಿ. ನೀವೇ ನೋಡಿ.”

ನೆಲದ ಮೇಲೆ ಸೀಮೆಸುಣ್ಣದಲ್ಲಿ ಆಟದ ಮನೆಗಳನ್ನು ಎಳೆದ. ಕಲ್ಲುಗಳನ್ನು ಹುಲಿಯೆಂದು, ಹುಣಸೆ ಬೀಜಗಳನ್ನು ಕುರಿಯೆಂದು, ಅವತ್ತು ಇದ್ದಂತೆಯೇ ಇಟ್ಟ. ಒಂದು ಬೀಜ ಇಡುವಾಗ ಅನುಮಾನಿಸಿದ. ಸುಧಾಮಣಿ ಹೊರಗೆ ಬಂದು ಅದನ್ನು ಪಕ್ಕದ ಮನೆಗೆ ಸರಿಸಿದಳು.

“ಈಗ ಹುಲಿ ನಿಮ್ಮದು,” ಎಂದ ಶಶಿಕುಮಾರ ಬೆಟ್ಟಯ್ಯನಿಗೆ.

ಬೆಟ್ಟಯ್ಯ ಸುಮ್ಮನೆ ಬಗ್ಗುವ ಮನುಷ್ಯನಲ್ಲ. ಈ ಕಡೆಯಿಂದ ನೋಡಿದ. ಆ ಕಡೆ ಬಂದು ಕೂತು ನೋಡಿದ. ಕಲ್ಲೊಂದನ್ನು ಎತ್ತಿದ, ಇದ್ದಲ್ಲೇ ಇಟ್ಟ. ಕುರಿಗಳ ಹಿಂದೆ ಹಾರಲು ಎಲ್ಲೂ ಖಾಲಿ ಜಾಗವಿರಲಿಲ್ಲ.

ಮಗಳು ಅವತ್ತಿನಂತೆಯೇ ಕೈಕಟ್ಟಿ ಕೂತಿದ್ದಳು.

“ಸಂತೆಮರಹಳ್ಳಿವರ್ಗೂ ನನ್ನ ಹುಲಿಗೆ ಹೆದರೋರು,” ಎಂದು ಗೊಣಗಿದ ಬೆಟ್ಟಯ್ಯ. ಆಮೇಲೆ ತಲೆ ತಗ್ಗಿಸಿದ. “ಕಟ್ಟಾಯ್ತು ಕಣಮ್ಮಿ.”

ಸುಧಾಮಣಿಯ ಕಣ್ಣು ತುಂಬಿತು.

“ಪುಣಜನೂರಿಗೆ ಬ್ಯಾಡ ಅಂತ ಹೇಳಪ್ಪ.”

“ಮಾತು ಮಾತೇ. ಹೇಳ್ತೀನಿ ಬುಡು.” ಅವನು ಫೋನ್ ಹಿಡಿದು ಹಿತ್ತಲಿಗೆ ನಡೆದ. ಅಜ್ಜಿ ಸೆರಗಿನಲ್ಲಿ ಮುಖ ಒರೆಸಿಕೊಂಡಳು.

ಶಶಿಕುಮಾರ ಆಗಲೇ ಚಪ್ಪಲಿ ಮೆಟ್ಟಿ ಬೀದಿಗೆ ಇಳಿದಿದ್ದ. ಅವಳು ಹಿಂದೆಯೇ ಹೋದಳು.

“ಎಲ್ಲಿಗೆ?”

“ಬಸ್ಸಿಗೆ. ಇವತ್ತೇ ನೀವು ಬಿಡುಗಡೆ ಆಗಿದ್ದೀರಿ. ಇವತ್ತೇ ಇನ್ನೊಬ್ಬ ಬಾಗಿಲಲ್ಲಿ ಕಾದು ನಿಲ್ಲೋದು ಸರಿಯಲ್ಲ. ನನಗೂ ನೀವು ಹೂಂ ಅನ್ನಬೇಕಾಗಿಲ್ಲ.”

“ಗೊತ್ತು. ಯಾರೂ ಕೇಳದೆ ನಾನೇ ಬಂದಿದ್ದೀನಿ.” ಅವಳು ಅವನ ದಾರಿಗೆ ಅಡ್ಡ ನಿಂತಳು. “ನೀವು ಬರೋ ದಿನ ಬೆಳಗಿಂದ ನನ್ನ ಕಿವಿ ರಸ್ತೇಲೇ ಇರ್ತದೆ. ಅದು ಅಜ್ಜಿ ಆಟಕ್ಕಲ್ಲ.”

ಅವನು ಒಂದು ಹೆಜ್ಜೆ ಅವಳ ಕಡೆ ಬಂದ.

“ನಾನು ಬರ್ತಿದ್ದದ್ದೂ...”

“ಅದೂ ಗೊತ್ತು. ಇಷ್ಟು ವಾರ ಆದರೂ ಒಂದು ಆಟ ಗೆಲ್ಲೋದು ಕಲೀಲಿಲ್ಲ ನೀವು.”

ಅವನು ನಕ್ಕ. ಅವಳೂ ನಕ್ಕಳು.

“ಊಟಕ್ಕೆ ಬನ್ನಿ. ಹುರುಳಿಕಾಳು ಬಸ್ಸಾರು.”

“ನಿಮ್ಮಪ್ಪ?”

“ಸಿಟ್ಟಲ್ಲಿ ಅವ್ರೆ. ನೀವು ಅವರ ಪಕ್ಕ ಕೂತ್ಕೊಳ್ಳಿ.”

“ನೀವೆಲ್ಲಿ ಇರ್ತೀರಿ?”

“ಬಡಿಸೋಳು ನಾನೇ ಅಲ್ವಾ,” ಎಂದಳು ಸುಧಾಮಣಿ. “ನಿಮ್ಮ ಎದುರಿಗೇ ಇರ್ತೀನಿ.”