ಕೇಳಿದವರ ಮನೆಗೆ

“ಬೆಳಗಿನ ಜಾವ ಯಾರಾದ್ರೂ ಮಗೂನ ಹೆಗಲ ಮೇಲೆ ಆಕ್ಕೊಂಡು ಲೈನೊಳಗೆ ಬಂದ್ರೆ, ಏನಾಯ್ತು ಅಂತ ಮಾತ್ರ ಕೇಳ್ಬೇಡ ತಂಬಿ. ಬಾಗ್ಲು ಆಕ್ಕೊಂಡು ಒಳಗಿರು.”

ಪಕ್ಕದ ಮನೆಯ ಮುದುಕ ಮುನಿಶಾಮಿ ಹೀಗಂದಾಗ ಚಲಪತಿ ತನ್ನ ಹಾಲಿನ ಟೆಂಪೋಗೆ ಖಾಲಿ ಕ್ರೇಟುಗಳನ್ನು ಏರಿಸುತ್ತಿದ್ದ. ಕೋರಮಂಡಲ್‌ನ ಈ ಹಳೇ ಚಿನ್ನದ ಗಣಿಯ ಲೈನಿಗೆ, ಕಾರ್ಮಿಕರ ಸಾಲುಮನೆಗಳಿಗೆ, ಹೆಂಡತಿ ಮಗಳ ಜೊತೆ ಬಂದು ಇನ್ನೂ ವಾರವಾಗಿರಲಿಲ್ಲ. ಬಂಗಾರಪೇಟೆಯಿಂದ ಹಾಲಿನ ಪ್ಯಾಕೆಟ್ಟು ತಂದು ಆಂಡರ್ಸನ್‌ಪೇಟೆಯ ಅಂಗಡಿಗಳಿಗೆ ಇಳಿಸುವುದು ಅವನ ಕೆಲಸ. ಹೆಂಡತಿ ಪುಷ್ಪಳ ಗಾರ್ಮೆಂಟ್ಸ್ ಬಸ್ಸು ಲೈನಿನ ತಿರುವಿನಲ್ಲೇ ನಿಲ್ಲುತ್ತದೆ ಅಂತ ಇಲ್ಲಿ ಮನೆ ಹಿಡಿದಿದ್ದರು.

“ಯಾಕೆ ತಾತ? ಕೇಳಿದ್ರೆ ಆ ಮಗು ನನ್ನೇ ಅಪ್ಪ ಅಂದ್ಬುಡ್ತದಾ?”

ಮುನಿಶಾಮಿ ನಗಲಿಲ್ಲ. ಆಯಸ್ಸೆಲ್ಲ ಗಣಿಯ ಧೂಳು ಕುಡಿದ ಅವನ ಎದೆ ಒಡೆದ ಕೊಳಲಿನಂತೆ ಸಿಳ್ಳೆ ಹಾಕುತ್ತಿತ್ತು. “ಕೇಳ್ಬೇಡ ಅಂದೆ, ಕೇಳ್ಬೇಡ. ಅಷ್ಟೇ,” ಎಂದು ಮೊಮ್ಮಗನ ಕೈ ಹಿಡಿದು ಒಳಗೆ ಹೋದ. ಚಿಲಕ ಬಿತ್ತು.

ಮಾರನೆಯ ಬೆಳಗು ಮೋಡ ಮುಚ್ಚಿತ್ತು. ಗಣಿಯವರು ಸುರಿದ ಸೈನೈಡ್ ಮಣ್ಣಿನ ದಿಬ್ಬದ ಕಡೆಯಿಂದ ಬೀಸುವ ಗಾಳಿಯಲ್ಲಿ ತೇವದ ಮಣ್ಣಿನ ಕಮಟು. ಚಲಪತಿ ಟೆಂಪೋ ಗಾಜು ಒರೆಸುತ್ತಿದ್ದಾಗ ಲೈನಿನ ಆ ತುದಿಯಿಂದ ಒಂದು ಬಾಗಿಲು ಮುಚ್ಚಿದ ಸದ್ದಾಯಿತು. ಆಮೇಲೆ ಅದರ ಪಕ್ಕದ್ದು. ಆಮೇಲೆ ಎದುರಿನದು. ನಲ್ಲಿಯ ಹತ್ತಿರ ನಿಂತಿದ್ದ ಹೆಂಗಸರು ಬಿಂದಿಗೆಗಳನ್ನು ಅಲ್ಲೇ ಬಿಟ್ಟು ಮಾಯವಾದರು. ಮುಚ್ಚುತ್ತ ಮುಚ್ಚುತ್ತ ಬಂದ ಬಾಗಿಲುಗಳ ನಡುವೆ ಒಬ್ಬ ಹೆಂಗಸು ನಡೆದು ಬರುತ್ತಿದ್ದಳು. ಹೆಗಲ ಮೇಲೆ ಒಬ್ಬ ಹುಡುಗ. ಕೆದರಿದ ಕೂದಲು, ಹವಾಯಿ ಚಪ್ಪಲಿಯ ಒಂದು ಪಟ್ಟಿ ಕಿತ್ತು ಕಾಲೆಳೆಯುತ್ತಿದ್ದಳು. ತುಟಿಗಳನ್ನು ಹಲ್ಲಿನಿಂದ ಕಚ್ಚಿ ಹಿಡಿದಿದ್ದಳು. ಗದ್ದದ ಮೇಲೆ ರಕ್ತ ಒಣಗಿತ್ತು.

ಚಲಪತಿಗೂ ಅದೇ ವಯಸ್ಸಿನ ಮಗಳಿದ್ದಳು.

“ಯಾಕಮ್ಮಾ, ಮಗೂಗೇನಾಯ್ತು?”

ಹೆಂಗಸು ನಿಂತಳು. ಅವನನ್ನು ನೋಡಿದಳು. ಆ ನೋಟದಲ್ಲಿ ಮೊದಲು ಬಂದದ್ದು ಸಂತೋಷ, ಆಮೇಲೆ ಬಂದದ್ದು ಏನೆಂದು ಅವನಿಗೆ ಅರ್ಥವಾಗಲಿಲ್ಲ.

“ತಲೆನೋವಣ್ಣಾ,” ಎಂದಳು. ಎಷ್ಟೋ ದಿನ ಮಾತಾಡದ ಗಂಟಲು ಅದು. “ಅರ್ಧ ತಲೆ. ಎಡಗಡೆ.”

ಅಷ್ಟು ಹೇಳಿ ಅಳುತ್ತಾ ಓಡಿದಳು.

ಮುಂದಿನ ದಿನ ಹೊತ್ತು ಹುಟ್ಟುವಾಗ ಚಲಪತಿಯ ಮಗಳು ಲಿಖಿತ ಹಾಸಿಗೆಯ ಮೇಲೆ ಎದ್ದು ಕೂತು, ಎಡಗಣ್ಣಿನ ಮೇಲೆ ಅಂಗೈ ಒತ್ತಿಕೊಂಡಳು.

“ಅಪ್ಪಾ, ಇಲ್ಲಿ ಯಾರೋ ಕುಟ್ತವ್ರೆ.”

ನೋವು ಸೂರ್ಯನ ಜೊತೆ ಏರುತ್ತಿತ್ತು. ಬಿಸಿಲು ಹೊಸ್ತಿಲಿಗೆ ಬರುವಾಗ ಎಡ ಹುಬ್ಬಿನ ಮೇಲೆ ನರ ಎದ್ದು ಕುಣಿಯುತ್ತಿತ್ತು. ಸೂರ್ಯ ನೆತ್ತಿಗೆ ಬರುವಾಗ ಮಗು ವಾಂತಿ ಮಾಡಿ ಮಾಡಿ ಬರೀ ಹಸಿರು ನೀರು ಕಕ್ಕುತ್ತಿತ್ತು. ಮುಳುಗಿದ ಮೇಲೆ ಸುಸ್ತಾಗಿ ಮಲಗುತ್ತಿತ್ತು. ಪುಷ್ಪ ಕಿಟಕಿಗೆ ಕಂಬಳಿ ಹೊದಿಸಿದಳು, ಹೆಂಚಿನ ಸಂದಿಗೆ ಬಟ್ಟೆ ತುರುಕಿದಳು. ಒಗ್ಗರಣೆಯ ವಾಸನೆಗೆ ಮಗು ಕಿರುಚುತ್ತಿತ್ತೆಂದು ಒಲೆ ಹಚ್ಚುವುದನ್ನೇ ಬಿಟ್ಟಳು. ಹೊರಗೆ ಸುಡು ಬಿಸಿಲು. ಒಳಗೆ ಗಣಿಯಂಥ ಕತ್ತಲು. ಆ ಕತ್ತಲಲ್ಲಿ ಬೆವರು, ವಾಂತಿ, ಅಮೃತಾಂಜನದ ವಾಸನೆ. ಗಂಡ ಹೆಂಡತಿ ಇಬ್ಬರೂ ಗೋಡೆಗೊರಗಿ ಕೂತು ಮಗಳ ನರಳಾಟ ಕೇಳುತ್ತಿದ್ದರು. ಮುಟ್ಟಿದರೆ ನೋವು, ಮುಟ್ಟದಿದ್ದರೆ ಅಳು.

ಬಂಗಾರಪೇಟೆಯ ಮಕ್ಕಳ ಡಾಕ್ಟರು ಮೈಗ್ರೇನ್ ಅಂದರು. ಸಣ್ಣ ಮಕ್ಕಳಿಗೂ ಬರುತ್ತದೆ, ಹೆದರಬೇಡಿ ಅಂದರು. ಒಳ್ಳೆಯ ಮನುಷ್ಯ, ತಾವೇ ಫೋನು ಮಾಡಿ ಕೋಲಾರದಲ್ಲಿ ಸ್ಕ್ಯಾನಿಂಗ್ ಮಾಡಿಸಿದರು. ಏನೂ ಇರಲಿಲ್ಲ. ಬೆಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ ಔಷಧಿ ಬದಲಾಯಿಸಿದರು, ಇನ್ನೊಮ್ಮೆ ಬದಲಾಯಿಸಿದರು. ಕೊನೆಗೆ ಅಲ್ಲಿನ ಡಾಕ್ಟರಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, “ದಿನಾ ಇದೇ ಹೊತ್ತಿಗೆ ಬಂದು ಇದೇ ಹೊತ್ತಿಗೆ ಹೋಗುತ್ತಾ? ಸರಿಯಾಗಿ ನೋಡಿದ್ದೀರಾ?” ಎಂದು ಕೇಳಿದರು. ಚಲಪತಿ ತಲೆಯಾಡಿಸಿದ. ನೋಡದೆ ಇನ್ನೇನು ಮಾಡಿದ್ದ ಅವನು ಇಷ್ಟು ದಿನ?

ಮಗಳನ್ನು ಹೊತ್ತು ಲೈನಿನಲ್ಲಿ ನಡೆಯುವಾಗ ಯಾರೂ ಅವನನ್ನು ಮಾತಾಡಿಸುತ್ತಿರಲಿಲ್ಲ. ಬಾಗಿಲುಗಳು ಮುಚ್ಚಿಕೊಳ್ಳುತ್ತಿದ್ದವು. ಒಂದರ ಹಿಂದೆ ಒಂದು.

ಒಂದು ಸಂಜೆ ಅವನು ಆ ಹೆಂಗಸಿನ ಮನೆ ಹುಡುಕಿಕೊಂಡು ಲೈನಿನ ಆ ತುದಿಗೆ ಹೋದ. ಕಲಾ ಅಂತ ಅವಳ ಹೆಸರು. ಜಗಲಿಯ ಮೇಲೆ ಅವಳ ಮಗ ಟೈರು ಉರುಳಿಸುತ್ತಿದ್ದ. ಚಲಪತಿಯನ್ನು ಕಂಡು ಅವಳು ಬಾಗಿಲು ಹಾಕಲಿಲ್ಲ. ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಳು.

“ಏನ್ ಮಾಡ್ದೆ ನನ್ ಮಗೀಗೆ?”

“ನೀವ್ ಕೇಳಿದ್ರಿ ಅಣ್ಣಾ.” ಅವಳು ಮೆಲ್ಲಗೆ ಹೇಳಿದಳು. “ಊರೆಲ್ಲಾ ಸುತ್ತಿದ್ದೆ. ಊರಿಗಾಂ, ಪೇಟೆ, ಮಾರ್ಕೆಟ್ಟು. ಯಾರೂ ಕೇಳ್ಲಿಲ್ಲ. ಒಬ್ರೂ ನಿಂತು ಏನಮ್ಮಾ ಅನ್ಲಿಲ್ಲ. ನೀವೊಬ್ರೇ ಕೇಳಿದ್ದು.”

“ಥೂ ನಿನ್ನ! ಬಾಯಿ ಮುಚ್ಕೊಂಡು ಓಗ್ಬಾರ್ದಾಗಿತ್ತಾ?”

ಕಲಾ ಮಗನ ಕಡೆ ನೋಡಿದಳು. “ನೀವಾಗಿದ್ರೆ ಮುಚ್ಕೊಂತಿದ್ರಾ?”

ಅವನು ಜಗಲಿಯ ಅಂಚಿಗೆ ಕೂತ. ಅವಳು ಬಂಗಾರಪೇಟೆಯ ಆಚೆ, ಬಸ್ಸಿಳಿದು ನಡೆಯಬೇಕಾದ ಒಂದು ಹಳ್ಳಿಯ ದಾರಿ ಹೇಳಿಕೊಟ್ಟಳು. ಗಂಗರತ್ನಮ್ಮ ಅಂತ ಕೇಳಿ ಅಂದಳು.

ಮಾರನೆಯ ದಿನ ಬೆಳಕು ಹರಿಯುವ ಮುಂಚೆಯೇ ಚಲಪತಿ ಮಗಳನ್ನು ಎತ್ತಿಕೊಂಡು ಅಲ್ಲಿಗೆ ಹೋದ. ಕಲ್ಲುಚಪ್ಪಡಿಯ ಮನೆ. ಒಳಗೆ ಎಮ್ಮೆ ಗಂಜಲದ ನಾತ, ತಣ್ಣಗಾದ ಬೂದಿಯ ನಾತ. ಗಂಗರತ್ನಮ್ಮ ಎಲೆ ಅಡಿಕೆ ಅಗಿಯುತ್ತ ಚಲಪತಿಯನ್ನು ಮೇಲಿಂದ ಕೆಳಗೆ ನೋಡಿದಳು. ಇಂಥವೆಲ್ಲ ನಂಬುವವನಲ್ಲ ತಾನು ಎಂದು ಅವನು ಶುರು ಮಾಡಿದ.

“ನಂಬ್ಬೇಡ ಬುಡಪ್ಪ. ನೋವೇನು ನಿನ್ನ ಕೇಳ್ಕೊಂಡು ಬಂದದಾ?” ಎಂದಳು. “ಯಾವನೋ ತನ್ನ ದಾಯಾದಿ ಮಗೂಗೆ ಅಂತ ಮಾಡ್ಸಿದ್ ಮಾಟ ಇದು. ಮಾಡ್ಸಿದೋನು ಸತ್ತ. ಮಾಡ್ದೋಳು ನಮ್ಮತ್ತೆ, ಅವಳೂ ಸತ್ಲು. ಇದೊಂದು ಸಾಯ್ಲಿಲ್ಲ. ಓಡಾಡ್ತಾನೇ ಅದೆ. ತೆಗ್ಯಾಕೆ ನನ್ ಕೈಲಾಗಲ್ಲ, ಜಾಗ ಬಿಡ್ಸಾಕಾದ್ರೆ ಆಯ್ತದೆ.”

“ಎಲ್ಲಿಗೆ?”

“ನಿನ್ನ ನಾಲಿಗೆಗೆ. ಆಮ್ಯಾಕೆ ಯಾರಾದ್ರೂ ನಿನ್ನ ಏನಾರಾ ಕೇಳ್ತಾರಲ್ಲ, ಅವ್ರಿಗೆ ಬಾಯ್ಬುಟ್ಟು ಜವಾಬು ಕೊಡು. ಕೇಳಿದವ್ರ ಮನೇಗೆ ಓಯ್ತದೆ. ಆ ಮನೇಲಿ ಯಾವ್ದು ಎಳೇ ತಲೇನೋ ಅದಕ್ಕೆ ಅತ್ಕೊಂತದೆ. ಕೇಳದೆ ನೀನಾಗೇ ಮಾತಾಡ್ದೆ ಅಂದ್ಕೋ, ತಿರುಗಿ ನಿನ್ ಮಗಳ ತಲೇಗೇ.”

“ಇನ್ನೊಬ್ರ ಮಗೀಗಾ?”

“ನಿನ್ ಮಗೀಗೆ ಎಲ್ಲಿಂದ ಬಂತು ಅಂದ್ಕೊಂಡಿದ್ದೀಯ? ಆಕಾಸದಿಂದ ಉದುರ್ತಾ?”

ಹೊರಗೆ ಪೂರ್ವ ಕೆಂಪಾಗುತ್ತಿತ್ತು. ಲಿಖಿತ ಅಪ್ಪನ ತೊಡೆಯ ಮೇಲೆ ಮುದುಡಿಕೊಂಡು ಹಲ್ಲು ಕಡಿಯತೊಡಗಿದ್ದಳು. ಚಲಪತಿ ತಲೆ ತಗ್ಗಿಸಿ, ಆಗಲಿ ಎಂದ.

ಮಗುವನ್ನು ಸೂರ್ಯ ಹುಟ್ಟುವ ಕಡೆಗೆ ಮುಖ ಮಾಡಿ ಕೂರಿಸಿದರು. ಗಂಗರತ್ನಮ್ಮ ಕೆಂಡದ ಮೇಲೆ ಒಂದು ಹಿಡಿ ಒಣಮೆಣಸಿನಕಾಯಿ ಸುರಿದಳು. ಕಾಯಿಗಳು ಕಪ್ಪಾಗಿ ಸಿಡಿದವು. ಘಾಟು ಬರಲಿಲ್ಲ. ಮುಚ್ಚಿದ ಕೋಣೆಯ ತುಂಬ ಹೊಗೆ. ಆದರೆ ಒಬ್ಬರೂ ಕೆಮ್ಮಲಿಲ್ಲ, ಕಣ್ಣಲ್ಲಿ ಒಂದು ಹನಿ ನೀರು ಬರಲಿಲ್ಲ. ಅವಳು ಬಾಡಿಸಿದ ಎಕ್ಕದ ಎಲೆಯನ್ನು ಮಗುವಿನ ಎಡ ಹುಬ್ಬಿಗೆ ಒತ್ತಿ, ಏನನ್ನೋ ಗೋರಿ ತೆಗೆಯುವಂತೆ ಎಳೆದು, ಅದೇ ಎಲೆಯನ್ನು ಅವನ ನಾಲಿಗೆಯ ಮೇಲಿಟ್ಟಳು.

ತುಕ್ಕು ಹಿಡಿದ ಕಬ್ಬಿಣದ ರುಚಿ. ನಾಲಿಗೆ ಭಾರವಾಯಿತು. ಅದರ ಮೇಲೆ ಏನೋ ಕೂತಿತ್ತು. ಕುಟ್ಟುತ್ತಿತ್ತು.

ಲಿಖಿತ ಕಣ್ಣು ಬಿಟ್ಟಳು. ಬಾಗಿಲಿಂದ ಬಂದ ಬಿಸಿಲನ್ನು ನೇರವಾಗಿ ನೋಡಿದಳು.

“ಅಪ್ಪಾ! ಕುಟ್ಟೋದು ನಿಂತೋಯ್ತು. ನಿಂತೋಯ್ತಲ್ವಾ ಅಪ್ಪಾ?”

ಅವನ ಬಾಯಿ ತೆರೆದಿತ್ತು. ‘ಹೂಂ ಕಂದಾ’ ಅನ್ನುವುದು ಹಲ್ಲಿನವರೆಗೆ ಬಂದಿತ್ತು. ಗಂಗರತ್ನಮ್ಮ ಚಟೀರನೆ ಅವನ ಕೆನ್ನೆಗೆ ಹೊಡೆದಳು. ಆಗ ಹೊಳೆಯಿತು ಅವನಿಗೆ. ಕೇಳಿದ್ದು ಯಾರು? ಅವಳ ಮನೆ ಯಾವುದು? ಆ ಮನೆಯ ಎಳೇ ತಲೆ ಯಾವುದು?

ಅವನು ತುಟಿ ಕಚ್ಚಿದ.

ದಾರಿಯುದ್ದಕ್ಕೂ ಲಿಖಿತ ಕೇಳುತ್ತಲೇ ಇದ್ದಳು. ಎಷ್ಟೋ ದಿನದ ಕತ್ತಲಿನಿಂದ ಎದ್ದು ಬಂದ ಮಗು. ಆ ಎಮ್ಮೆಗೆ ಕೊಂಬು ಯಾಕೆ ಸೊಟ್ಟಗದೆ? ರೈಲು ಇಷ್ಟೊತ್ತಿಗೆ ಬತ್ತದಾ? ನಂಗೆ ಬನ್ನು ಕೊಡಿಸ್ತೀಯಾ? ಚಲಪತಿ ತಲೆಯಾಡಿಸುತ್ತಿದ್ದ, ಕೈ ತೋರಿಸುತ್ತಿದ್ದ, ಬಾಯಿಗೆ ಟವೆಲ್ ಒತ್ತಿಕೊಂಡು ನಡೆಯುತ್ತಿದ್ದ. ಬಂಗಾರಪೇಟೆಯ ಬಸ್‌ಸ್ಟ್ಯಾಂಡಿನಲ್ಲಿ ಜನ ಅವನನ್ನು ದಾಟಿ ಹೋದರು. ಕಂಡಕ್ಟರು ಬೇಕೆಂದೇ ಎಂಬಂತೆ ಏನೂ ಕೇಳದೆ ಟಿಕೆಟು ಹರಿದ.

ಬಸ್ಸಿನಲ್ಲಿ ಪಕ್ಕದ ಸೀಟಿಗೆ ಒಬ್ಬ ಹುಡುಗಿಯಂಥ ತಾಯಿ ಬಂದು ಕೂತಳು. ಮಡಿಲಲ್ಲಿ ಹಲ್ಲು ಬರದ ಕೂಸು. ಅವನ ಗದ್ದದ ಮೇಲಿನ ರಕ್ತ ನೋಡಿ ಅವಳ ಮುಖ ಸಣ್ಣದಾಯಿತು.

“ಅಯ್ಯೋ, ಏನಾಯ್ತಣ್ಣಾ?”

ಕೇಳಿಬಿಟ್ಟಳು.

ನಾಲಿಗೆಯ ಮೇಲಿನದು ಕುಣಿಯಿತು. ಒಂದು ಮಾತು. ಒಂದೇ ಒಂದು. ‘ಏನಿಲ್ಲಮ್ಮ’ ಅಂದರೂ ಸಾಕು. ಲಿಖಿತ ಅವನ ತೋಳಿಗೆ ತಲೆ ಆನಿಸಿ ಬನ್ನು ತಿನ್ನುತ್ತಿದ್ದಳು. ಚಲಪತಿ ಬಾಯಿ ತೆರೆದ. ಕೂಸು ಅವನ ಬಾಯನ್ನೇ ನೋಡಿತು. ಕೈ ಚಾಚಿತು. ಬೊಚ್ಚುಬಾಯಿ ಬಿಟ್ಟು ನಕ್ಕಿತು. ಅದರ ಎಡ ಹುಬ್ಬಿನ ಮೇಲೆ ದೃಷ್ಟಿಬೊಟ್ಟು ಇತ್ತು.

ಅವನು ಬಾಯಿ ಮುಚ್ಚಿದ.

“ನಿಮ್ಮಪ್ಪ ಮೂಗನಾ ಪುಟ್ಟಿ?” ತಾಯಿ ಕೇಳಿದಳು.

“ಇಲ್ಲಾಕ್ಕಾ, ನಮ್ಮಪ್ಪ ಬಾಯಿಬಡ್ಕ. ನಮ್ಮಮ್ಮ ಯಾವಾಗ್ಲೂ ಬಯ್ತಾಳೆ. ಅಪ್ಪಾ, ಮಾತಾಡಿ ತೋರ್ಸು!”

ಮಾರನೆಯ ದಿನ ಸೂರ್ಯ ಹುಟ್ಟಿದ. ಲಿಖಿತ ಎದ್ದು ಹಲ್ಲುಜ್ಜಿ ನಲ್ಲಿಯ ಹತ್ತಿರ ನೀರೆರಚಿ ಆಡಿದಳು. ಅದರ ಮರುದಿನವೂ. ನಾಲಿಗೆಯ ಮೇಲೆ ಇರುವಷ್ಟು ಹೊತ್ತು ಅದು ಯಾರ ತಲೆಗೂ ಹೋಗುವುದಿಲ್ಲ ಎಂದು ಚಲಪತಿಗೆ ಅರ್ಥವಾಯಿತು. ಪುಷ್ಪಳಿಗೆ ಎಲ್ಲವನ್ನೂ ಬರೆದು ತೋರಿಸಿದ. ಅವಳು ಎರಡು ಸಲ ಓದಿದಳು. ಅಂದಿನಿಂದ ಮಲಗುವ ಮುಂಚೆ ಅವಳೇ ಅವನ ಬಾಯಿಗೆ ಪಂಚೆ ಕಟ್ಟುತ್ತಿದ್ದಳು, ಕನವರಿಸಿಬಿಟ್ಟಾನು ಅಂತ. ಅಂಗಡಿಯವರು ನಕ್ಕರು. “ಏನ್ಲಾ ಚಲಪತಿ, ಹೆಂಡ್ತಿ ನಾಲಿಗೆ ಕಿತ್ತು ಗೂಟಕ್ಕೆ ತಗಲಾಕವ್ಳಾ?” ಅವನು ಕ್ರೇಟು ಇಳಿಸಿ ಬರುತ್ತಿದ್ದ. ಬಾಯಿಯ ತುಂಬ ತುಕ್ಕು. ಅನ್ನಕ್ಕೂ ಅದೇ ರುಚಿ, ನೀರಿಗೂ ಅದೇ ರುಚಿ.

ಅದನ್ನೆಲ್ಲ ತಡೆದುಕೊಳ್ಳಬಹುದಿತ್ತು. ಲಿಖಿತ ಬಂದು ಕುತ್ತಿಗೆಗೆ ಜೋತುಬಿದ್ದು, “ಅಪ್ಪಾ, ನನ್ ಮ್ಯಾಲೆ ಕ್ವಾಪಾನಾ? ನಾನೇನ್ ಮಾಡ್ದೆ?” ಎಂದು ಕೇಳುವುದನ್ನು ಮಾತ್ರ ತಡೆಯಲಾಗುತ್ತಿರಲಿಲ್ಲ. ಅವಳನ್ನು ಎದೆಗೊತ್ತಿಕೊಂಡು ಕಣ್ಣು ಮುಚ್ಚುತ್ತಿದ್ದ. ಆಮೇಲಾಮೇಲೆ ಅವಳು ಹತ್ತಿರ ಬರುವುದು ಕಡಿಮೆಯಾಯಿತು. ಕಲಾಳ ಮಗನ ಜೊತೆ ಟೈರು ಉರುಳಿಸಿಕೊಂಡು ಲೈನಿನ ತುದಿಯಲ್ಲೇ ಇರುತ್ತಿದ್ದಳು. ಇರಲಿ, ಬಿಸಿಲಲ್ಲಿ ಆಡುತ್ತಾಳಲ್ಲ. ಅಷ್ಟು ಸಾಕು ಅಂದುಕೊಂಡ.

ಒಂದು ಮಧ್ಯಾಹ್ನ ಚಲಪತಿ ಎರಡೂ ಕೈಯಲ್ಲಿ ಕ್ರೇಟು ಹಿಡಿದು ಟೆಂಪೋದಿಂದ ಇಳಿಯುತ್ತಿದ್ದ. ಲೈನಿನ ಆ ತುದಿಗೆ ನೀರಿನ ಟ್ಯಾಂಕರ್ ಟ್ರ್ಯಾಕ್ಟರು ಬಂದಿತ್ತು. ತಿರುಗಿಸಲು ಜಾಗವಿಲ್ಲದೆ ಹಿಂದಕ್ಕೆ ಬರುತ್ತಿತ್ತು. ಇಂಜಿನ್ನಿನ ಗದ್ದಲ. ಡೀಸಲ್ ಹೊಗೆ. ಹೊಗೆಯಾಚೆ ಲಿಖಿತಳ ಹಳದಿ ಫ್ರಾಕು.

ಅವಳು ಕೂತಿದ್ದಳು. ಟ್ಯಾಂಕರಿಗೆ ಬೆನ್ನು ಹಾಕಿ, ಉರುಳಿ ಬಿದ್ದ ಟೈರಿನ ಮಣ್ಣು ತೆಗೆಯುತ್ತಿದ್ದಳು.

ಚಲಪತಿ ಕ್ರೇಟು ಎತ್ತಿ ಬಿಸಾಡಿದ. ಅವಳು ತಿರುಗಲಿಲ್ಲ. ಓಡಿದ. ದೂರ. ತುಂಬಾ ದೂರ. ಚಪ್ಪಾಳೆ ತಟ್ಟಿದ. ಟ್ಯಾಂಕರಿನಿಂದ ನೀರು ಚೆಲ್ಲುತ್ತಿತ್ತು. ಡ್ರೈವರು ಆ ಕಡೆಯ ಗೋಡೆ ನೋಡುತ್ತಿದ್ದ. ಚಕ್ರ ಉರುಳಿತು. ಫ್ರಾಕಿನ ಅಂಚು. ಚಕ್ರ. ಯಾರಾದರೂ ಕೂಗಿ. ಯಾರಾದರೂ. ಬಾಗಿಲುಗಳೆಲ್ಲ ಮುಚ್ಚಿದ್ದವು. ಅವನು ಬರುವ ದಾರಿಯಲ್ಲಿ ಬಾಗಿಲುಗಳು ಯಾವಾಗಲೂ ಮುಚ್ಚಿರುತ್ತಿದ್ದವು. ಚಕ್ರ. ಮಗಳು. ನಾಲಿಗೆ. ಚಕ್ರ.

“ಲಿಖಿತಾ! ಎದ್ದೇಳೇ!”

ಲಿಖಿತ ಚಂಗನೆ ಹಾರಿದಳು. ಚಕ್ರ ಟೈರಿನ ಮೇಲೆ ಹತ್ತಿ, ಅದನ್ನು ನೆಲಕ್ಕೆ ಒತ್ತಿ, ನಿಂತಿತು. ಡ್ರೈವರು ಇಣುಕಿ ಬೈಯತೊಡಗಿದ. ಚಲಪತಿ ಓಟ ನಿಲ್ಲಿಸಿದ. ಬಾಯಲ್ಲಿ ತುಕ್ಕಿನ ರುಚಿ ಇರಲಿಲ್ಲ. ನಾಲಿಗೆ ಹೂವಿನಂತೆ ಹಗುರವಾಗಿತ್ತು.

“ಅಪ್ಪಾ! ನೀನ್ ಮಾತಾಡ್ದೆ!”

ಅವಳು ನಗುತ್ತ, ಎರಡೂ ಕೈ ಚಾಚಿಕೊಂಡು ಬಿಸಿಲಲ್ಲಿ ಓಡಿ ಬರುತ್ತಿದ್ದಳು. ಅರ್ಧ ದಾರಿಯಲ್ಲಿ ನಿಂತಳು. ನಗು ಮುಖದ ಮೇಲೆ ಹಾಗೇ ಉಳಿದಿತ್ತು. ಚಾಚಿದ ಎಡಗೈ ಮೆಲ್ಲಗೆ ಮೇಲೇರಿ ಎಡಗಣ್ಣನ್ನು ಮುಚ್ಚಿಕೊಂಡಿತು.